ತಟ್ಟೆಯಲ್ಲಿ ಆಲ: ಆರೋಗ್ಯಕ್ಕೆಷ್ಟು ಹಿತ?

ಮಾಘ ಮಾಸ ಬಂತೆಂದರೆ ಧಾರವಾಡ, ಬೆಳಗಾವಿ ಕಡೆಯಿಂದ ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೊರಡುವವರು ಇಂದಿಗೂ ಇದ್ದಾರೆ. ಬಸ್ಸು, ಕಾರುಗಳಲ್ಲಿ ಬರುವವರಿಗಂತೂ ಲೆಕ್ಕವಿಲ್ಲ. ದಾರಿಯುದ್ದಕ್ಕೂ ಜೊಯಿಡಾ ತಾಲ್ಲೂಕಿನ ಕಾಡು. ಬಂಡೆಯ ಸಂದಿಯಲ್ಲಿ ಬೇರು ಬಿಟ್ಟು ನಿಂತ ಗೋಣಿ, ಬಸರಿ, ಆಲದ ಪುಟ್ಟ ಸಸಿ ಕಂಡರೆ ಬೊನ್ಸಾಯ್ ಹವ್ಯಾಸದವರಿಗೆ ಕೈ ಸುಮ್ಮನಿರುವುದಿಲ್ಲ. ವರ್ಷಗಟ್ಟಲೆ ಕಲ್ಲು ಹಿಡಿದು ಕುಳ್ಳಗೆ ಉಳಿದ ಇಂಥ ಸಸಿ ತಟ್ಟೆಯ ಕುಂಡಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆದರೂ ಅದನ್ನು ಕಿತ್ತು ತರಬೇಡಿ.

ಸುತ್ತಲಿರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಂದ ಸಸಿ ಕೀಳುವುದು ಕಾನೂನಿಗೆ ವಿರುದ್ಧ. ಆಲದ ಜಾತಿಯ ಮರಗಳ ಹಣ್ಣನ್ನೇ ನಂಬಿದ ಮಂಗಟ್ಟೆ ಹಕ್ಕಿಗಳೂ ಅಲ್ಲಿವೆ. ಆದರೆ ಈ ಅಂಕಣದ ಕಾಳಜಿ ಬೇರೆ. ಬೇರಿನ ಮಣ್ಣು, ತರಗೆಲೆಗಳ ಜೊತೆ ಉಣ್ಣೆಗಳೂ ಮೈಗೆ ಹತ್ತಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯ ಕಡಿತದಿಂದ. ಉತ್ತರ ಕನ್ನಡದ ಸಿದ್ದಾಪುರ ಮೊದಲಾದ ಕಡೆಯೂ ಅದು ಜೀವ ತೆಗೆದಿದೆ. ಮರಿ ಉಣ್ಣೆಗಳ ಕಾಟ ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಎಂದರೆ ಸರಿಯಾಗಿ ಜಾತ್ರೆಯ ದಿನಗಳಲ್ಲಿ! ಕಾಡಿಗೆ ಹೋಗಿಬಂದ ಒಂದು ವಾರದೊಳಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಆಸೆ ತೀರಿಸಿಕೊಳ್ಳಲು ಬೇರೆ ದಾರಿಯಿದೆ. ಎಲ್ಲ ನರ್ಸರಿಗಳಲ್ಲೂ ಸಿಗುವ ಫೈಕಸ್ ಬೆಂಜಮಿನ ಈ ಆಲದ ಬಳಗದ್ದೇ ಗಿಡ. ಪೆನ್ಸಿಲ್ ದಪ್ಪದ ತುಂಡೊಂದನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಕಾಂಡ ಬಲಿಯುವ ತನಕ ದೊಡ್ಡ ಕುಂಡದಲ್ಲೇ ಬೆಳೆಸಿ, ಆಮೇಲೆ ಬೇರು ಕತ್ತರಿಸಿ ಆಳವಿಲ್ಲದ ಕುಂಡಕ್ಕೆ ಇಳಿಸಬೇಕು. ಅವಸರ ಮಾಡಿದರೆ ಕಡ್ಡಿಯಂಥ ಗಿಡವೇ ಗತಿ. ಎರಡು ವರ್ಷಕ್ಕೊಮ್ಮೆ ಬೇರು ಸವರಿ ಮಣ್ಣು ಬದಲಿಸುವುದು, ಆಗಾಗ ಚಿಗುರು ಚಿವುಟುವುದು, ತಂತಿ ಸುತ್ತಿ ಕೊಂಬೆ ಬಾಗಿಸಿ ಅದು ಕೊಂಬೆಯೊಳಗೆ ಇಳಿಯುವ ಮುನ್ನ ಬಿಚ್ಚುವುದು, ಇಷ್ಟೇ ವಿದ್ಯೆ. ಮನೆಯಲ್ಲಿ ಕುಳ್ಳ ಗಿಡವಿದ್ದರೆ ಮನೆತನದ ಏಳಿಗೆ ಕುಂಠಿತವಾಗುತ್ತದೆ ಎಂಬ ಮಾತಿಗೆ ಸೊಪ್ಪು ಹಾಕಬೇಕಾಗಿಲ್ಲ.

ಸೊಪ್ಪು ಹಾಕಬಾರದ ಇನ್ನೊಂದು ಮಾತು, ಬೊನ್ಸಾಯ್ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬುದು. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಪ್ರಯೋಗದ ಹೆಸರಿನಲ್ಲಿ ಇದು ಹಬ್ಬಿದೆ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮರುಪರಿಶೀಲಿಸಿದವರು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಮಾಡಲು ಚದರ ಮೀಟರಿಗೆ ಕಡಿಮೆಯೆಂದರೂ 10 ಗಿಡ ಬೇಕು ಎಂದು ಲೆಕ್ಕ ಹಾಕಿದ್ದಾರೆ. ಅಷ್ಟು ಗಿಡವಿಟ್ಟರೆ ಮನೆಮಂದಿ ಎಲ್ಲಿ ಕೂರಬೇಕು? ಕಿಟಕಿ ತೆರೆಯುವುದೇ ಅಗ್ಗದ ಉಪಾಯ.

ನಿಜವಾದ ಅಪಾಯ ಇರುವುದು ಕುಂಡದ ಕೆಳಗಿನ ತಟ್ಟೆಯಲ್ಲಿ. ಅಲ್ಲಿ ನಿಂತ ಒಂದು ಬೊಗಸೆ ನೀರು ಡೆಂಗೆ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು 8-10 ದಿನ. ನೀರು ಚೆಲ್ಲಿದರಷ್ಟೇ ಸಾಲದು, ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ವಾರಕ್ಕೊಮ್ಮೆ ತಟ್ಟೆಯನ್ನು ತಿಕ್ಕಿ ತೊಳೆಯಬೇಕು. ಬೊನ್ಸಾಯ್ ಸುಂದರವಾಗಿ ಕಾಣಲೆಂದು ನೀರು ತುಂಬಿದ ತಟ್ಟೆಯಲ್ಲಿ ಕಲ್ಲು ಜೋಡಿಸಿ ಇಡುವ ಚಾಳಿಯನ್ನು ನಮ್ಮ ಮಳೆಯ ಜಿಲ್ಲೆಗಳವರು ಬಿಡುವುದೇ ಲೇಸು.

ಕೊಂಬೆ ಕತ್ತರಿಸಿದಾಗ ಒಸರುವ ಬಿಳಿ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಒಳಕೋಣೆಯಲ್ಲಿ ಇಟ್ಟ ಫೈಕಸ್‌ನಿಂದ ಸೀನು, ಉಬ್ಬಸ ಕೆರಳುವುದುಂಟು. ಕೈಗವಸಿನ ರಬ್ಬರು ಒಗ್ಗದವರು, ಆಸ್ತಮಾ ಇರುವವರು ಈ ಗಿಡವನ್ನು ಮಲಗುವ ಕೋಣೆಗೆ ತರಬಾರದು. ಗಿಡಕ್ಕೂ ಅಲ್ಲಿ ಸುಖವಿಲ್ಲ. ಬೆಳಕು ಸಾಲದೆ ಎಲೆ ಉದುರಿಸುತ್ತದೆ. ಬೆಳಗಿನ ಬಿಸಿಲು ಬೀಳುವ ಜಗಲಿಯೇ ಅದಕ್ಕೆ ಸರಿ.

ಹಾಗಾದರೆ ಲಾಭವೇನು? ರಕ್ತದೊತ್ತಡ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಹೇಳಿ ಮಾರುವವರನ್ನು ನಂಬಬೇಡಿ. ನಿವೃತ್ತರಾಗಿ ದಿನವಿಡೀ ಟಿವಿಯ ಮುಂದೆ ಕೂರುವ ಅಜ್ಜನನ್ನು ಬೆಳಗ್ಗೆ ಎಬ್ಬಿಸಿ ಜಗಲಿಗೆ ಕರೆತರುವ ಶಕ್ತಿ ಮಾತ್ರ ಅದಕ್ಕುಂಟು. ಮಣ್ಣಿಗೆ ಬೆರಳಿಟ್ಟು ತೇವ ನೋಡುವುದು, ಕತ್ತರಿ ಹಿಡಿದು ಚಿಗುರು ಸವರುವುದು ಬೆರಳಿಗೂ ಗಮನಕ್ಕೂ ಒಳ್ಳೆಯ ಕೆಲಸ. ತಟ್ಟೆ ತಿಕ್ಕುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ, ರಜೆಯಿರುವ ಭಾನುವಾರವೇ ಅದಕ್ಕೆ ಅನುಕೂಲ.