ಮರಿಗಳ ಮರಣವೂ ಭೂಮಾಲಿಕರ ಹೊಣೆಯೂ

ಎರೆಹೊಲಗಳಲ್ಲಿ ಕುರಿಯ ಹಿಂಡನ್ನು ನಿಲ್ಲಿಸಿಕೊಂಡು ಗೊಬ್ಬರ ಪಡೆಯುವ ಪದ್ಧತಿಯು ವಿಜಯಪುರ ಸೀಮೆಗೆ ಹೊಸತಲ್ಲ. ಗೊಬ್ಬರವು ಹೊಲದವರಿಗೆ, ಕಾಳು ಇಲ್ಲವೆ ಹಣವು ಕುರುಬರಿಗೆ. ಆದರೆ ಆ ಹಿಂಡಿನಲ್ಲಿ ಹುಟ್ಟಿದ ಮರಿಯು ಸತ್ತರೆ ಅದು ಕುರುಬನೊಬ್ಬನ ಹಾನಿಯೆಂದು ಎಣಿಸುವುದು ವಾಡಿಕೆಯಾಗಿದೆ. ಇದು ನ್ಯಾಯವೂ ಅಲ್ಲ, ಲಾಭಕರವೂ ಅಲ್ಲ ಎಂಬುದೇ ನನ್ನ ಅಭಿಪ್ರಾಯ. ಜೈನಾಪುರವೇ ಮೊದಲಾದ ಬಬಲೇಶ್ವರ, ತಿಕೋಟಾ ಭಾಗದ ಊರುಗಳ ಹಿರಿಯರು ಇದನ್ನು ಆಲೋಚಿಸಬೇಕು.

ಮರಿಗಳ ಸಾವಿಗೆ ದೊಡ್ಡ ಕಾರಣವು ಅನೇಕ ವೇಳೆ ಹುಟ್ಟಿದ ದಿನವೇ ಒದಗುತ್ತದೆ. ತಾಯಿಯ ಮಾಸು ಬೀಳುವ ತನಕ ಮರಿಗೆ ಮೊಲೆ ಕೊಡಬಾರದೆಂಬ ನಂಬಿಕೆಯು ಇನ್ನೂ ಕೆಲವೆಡೆ ಉಂಟು. ಕುರಿಯಾಗಲಿ ಆಡಾಗಲಿ, ಮರಿಯು ರೋಗವನ್ನು ಎದುರಿಸುವ ಶಕ್ತಿಯನ್ನು ಗರ್ಭದಲ್ಲಿ ಪಡೆಯುವುದಿಲ್ಲ. ಗಿಣ್ಣದ ಹಾಲಿನಿಂದಲೇ ಪಡೆಯುತ್ತದೆ. ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯವು ಗಳಿಗೆಗಳಿಗೆಗೂ ಕುಂದುತ್ತ, ಸುಮಾರು 24 ಗಂಟೆಗಳಲ್ಲಿ ಮುಗಿಯುತ್ತದೆ. ಆದಕಾರಣ ಹುಟ್ಟಿದ ಒಂದೆರಡು ಗಂಟೆಗಳೊಳಗೆ ಮೊದಲ ಹಾಲು ಹೊಟ್ಟೆಗೆ ಸೇರತಕ್ಕದ್ದು. ಎರಡೂವರೆ ಕಿಲೋ ತೂಗುವ ಮರಿಗೆ ಮೊದಲ ದಿನ ಕಾಲು ಲೀಟರಿಗೆ ಕಡಿಮೆಯಾಗಬಾರದು. ಮಾಸಿಗಾಗಿ ಕಾಯುವವರು ಮರಿಯ ಆಯುಷ್ಯವನ್ನೇ ಕಾಯುತ್ತ ಕಳೆಯುತ್ತಾರೆ. ಹೊಕ್ಕುಳ ಬಳ್ಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚುವುದಕ್ಕೆ ತಗಲುವ ವೆಚ್ಚವು ಅತ್ಯಲ್ಪ.

ಎರಡನೆಯದು ನೆಲ. ನೀರು ಹಿಡಿದ ಎರೆಮಣ್ಣಿನ ಮೇಲೆ ಮರಿಗಳನ್ನು ಒತ್ತೊತ್ತಾಗಿ ಕೂಡಿದರೆ, ಮೂರು ವಾರ ದಾಟಿದ ಮರಿಗಳಿಗೆ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯಿಂದ ರಕ್ತಭೇದಿ ಹತ್ತುವುದು ಸಹಜ. ಹೊಲದವರು ಮರಿಗಳಿಗೆಂದು ಬದುವಿನ ಮೇಲೋ ಮರಡಿಯಲ್ಲೋ ಒಣಗಿದ ಎತ್ತರದ ಜಾಗವನ್ನು ಬಿಟ್ಟುಕೊಟ್ಟರೆ ಅವರ ಗೊಬ್ಬರವೇನೂ ಕಡಿಮೆಯಾಗದು. ಭೇದಿ ಹತ್ತಿದ ಮರಿಗೆ ತಾಯಿಯ ಹಾಲನ್ನು ನಿಲ್ಲಿಸಬಾರದು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು. ಸಗಣಿಯಲ್ಲಿ ರಕ್ತ ಕಂಡರೆ, ಮರಿ ಏಳಲಾರದಾದರೆ, ಪಶುವೈದ್ಯರನ್ನು ಕರೆಯಲು ತಡಮಾಡಕೂಡದು. ಮನೆಯಲ್ಲಿ ಉಳಿದ ಮನುಷ್ಯರ ಗುಳಿಗೆಗಳನ್ನು ಅಂದಾಜಿನಿಂದ ನುಂಗಿಸುವುದು ಔಷಧೋಪಚಾರವೆನಿಸದು.

ಕರುಳುಬೇನೆಗೂ ಪಿ.ಪಿ.ಆರ್. ರೋಗಕ್ಕೂ ಲಸಿಕೆಗಳಿವೆ. ಈಯುವುದಕ್ಕೆ ಸುಮಾರು ಒಂದು ತಿಂಗಳು ಮುಂಚೆ ತಾಯಿಗೆ ಕರುಳುಬೇನೆಯ ಲಸಿಕೆ ಹಾಕಿಸಿದರೆ ಮರಿಗೆ ಗಿಣ್ಣದ ಮೂಲಕವೇ ರಕ್ಷಣೆ ಸಿಗುತ್ತದೆ. ಪಿ.ಪಿ.ಆರ್. ಲಸಿಕೆಯನ್ನು ಮೂರು ನಾಲ್ಕು ತಿಂಗಳ ವಯಸ್ಸಿನಲ್ಲಿ ಹಾಕಿಸತಕ್ಕದ್ದು. ಅದರ ಬಲವು ಸುಮಾರು ಮೂರು ವರ್ಷ ನಿಲ್ಲುತ್ತದೆ. ದೊಡ್ಡ ದನಗಳ ದೊಡ್ಡರೋಗವು ಲಸಿಕೆಯ ಬಲದಿಂದಲೇ 2011ರಲ್ಲಿ ಜಗತ್ತಿನಿಂದ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಹಿಂಡನ್ನು ಹೊಲಕ್ಕೆ ಕರೆಯುವಾಗ ದರವನ್ನು ಮಾತ್ರವಲ್ಲ, ಲಸಿಕೆಯ ದಿನವನ್ನೂ ಕೇಳುವ ಪದ್ಧತಿಯನ್ನು ಗ್ರಾಮದ ಹಿರಿಯರು ಹಾಕಿಕೊಡಬೇಕು.

ನ್ಯೂಜಿಲೆಂಡಿನಲ್ಲಿ 1969ರಿಂದ ಜಿಂಕೆ ಸಾಕಣೆಗೆ ಕಾನೂನಿನ ಸಮ್ಮತಿಯಿದೆ. ಅಲ್ಲಿಯೂ ಹಾಲು ಬಿಡಿಸಿದ ಮರಿಗಳು ಚಳಿ, ಇಕ್ಕಟ್ಟುಗಳಿಂದ ಬಳಲಿದಾಗಲೇ ಯರ್ಸೀನಿಯಾ ಭೇದಿಯು ಎರಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಚಿಗರಿ, ಜಿಂಕೆಗಳನ್ನು ಹಿಡಿದು ಸಾಕುವುದು ಅಪರಾಧ. ಹೊಲದಲ್ಲಿ ಒಂಟಿಯಾಗಿ ಮಲಗಿರುವ ಚಿಗರಿಮರಿಯು ಸಾಮಾನ್ಯವಾಗಿ ಅನಾಥವಲ್ಲ. ತಾಯಿಯು ಅದನ್ನು ಮರೆಯಲ್ಲಿಟ್ಟು ಮೇಯಲು ಹೋಗಿರುತ್ತದೆ. ಮುಟ್ಟದೆ ಬಿಡುವುದೇ ಲೇಸು. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಇನ್ನೊಂದು ಮಾತು. ರೋಗದಿಂದ ಸತ್ತ ಕುರಿಮರಿಯನ್ನು ಹಳ್ಳಕ್ಕೆಸೆದರೆ ಕೆಳಗಿನ ಊರಿನ ಹಿಂಡು ಆ ನೀರನ್ನೇ ಕುಡಿಯುತ್ತದೆ. ಆಳವಾದ ಕುಣಿ ತೋಡಿ ಸುಣ್ಣ ಹಾಕಿ ಹೂಳಬೇಕು. ಅಲೆಮಾರಿ ಕುರುಬನಿಗೆ ಸ್ವಂತ ನೆಲವಿರುವುದಿಲ್ಲ. ಕುಣಿಗೆ ಜಾಗ ತೋರಿಸಬೇಕಾದವರು ಭೂಮಾಲಿಕರೇ.