ನ್ಯಾಯಸ್ಥಾನದ ಹೊರಗಣ ತೀರ್ಪು

ಹೆಸರೂ ಹಣವೂ ಉಳ್ಳವರಿಗೆ ಒಂದು ನ್ಯಾಯ, ಉಳಿದವರಿಗೆ ಮತ್ತೊಂದು ನ್ಯಾಯ ಎಂಬ ಮಾತು ಮಂಡ್ಯದ ಸಂತೆಯಲ್ಲಿಯೂ ಮದ್ದೂರಿನ ರೈಲುನಿಲ್ದಾಣದಲ್ಲಿಯೂ ಮಳವಳ್ಳಿಯ ಬಸ್ಸಿನಲ್ಲಿಯೂ ಬಹುಕಾಲದಿಂದ ಕೇಳಿಬರುತ್ತಿರತಕ್ಕ ಮಾತು. ಅದನ್ನು ಆಡತಕ್ಕವರು ಸಾಮಾನ್ಯವಾಗಿ ನ್ಯಾಯಾಧೀಶರನ್ನು ದೂರುವುದಕ್ಕಾಗಿ ಆಡುತ್ತಾರೆ. ಆಡಿ, ತಮ್ಮ ಋಣ ತೀರಿತೆಂದು ಸುಮ್ಮನಾಗುತ್ತಾರೆ. ಮಾತಿನಲ್ಲಿ ಸತ್ಯವುಂಟು. ಆದರೆ ಬೆರಳು ತೋರುವ ದಿಕ್ಕು ತಪ್ಪಿದೆ. ನಟ ದರ್ಶನ್ ಅವರ ಮೊಕದ್ದಮೆಯನ್ನು ಮೊದಲಿನಿಂದ ಕ್ರಮವಾಗಿ ಗಮನಿಸಿದವರಿಗೆ ಇದು ಮನದಟ್ಟಾಗದೆ ಇರಲಾರದು. ಆ ಮೊಕದ್ದಮೆ ಈ ಜಿಲ್ಲೆಗೆ ದೂರದ ಸಮಾಚಾರವೂ ಅಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಅವರು ಇನ್ನೊಬ್ಬ ನಟ ಯಶ್ ಅವರೊಡನೆ ಮಂಡ್ಯ ಕ್ಷೇತ್ರದ ಊರೂರು ಸುತ್ತಿದರು. ಜನ ಇಬ್ಬರನ್ನೂ ಜೋಡೆತ್ತುಗಳೆಂದು ಕರೆದರು. ಅವರ ಅಭ್ಯರ್ಥಿ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಗೆದ್ದರು. 2024ರ ಚುನಾವಣೆಯಲ್ಲಿಯೂ ಅವರು ಇಲ್ಲಿಗೆ ಬಂದು ಕಾಂಗ್ರೆಸ್ ಅಭ್ಯರ್ಥಿಗೆ ಮತ ಕೇಳಿದರು. ಅದಾಗಿ ಎರಡು ತಿಂಗಳು ತುಂಬುವುದರೊಳಗಾಗಿ ಅವರ ದಸ್ತಗಿರಿಯಾಯಿತು.

2024ರ ಜೂನ್ 9ರಂದು ಬೆಂಗಳೂರಿನ ಸುಮನಹಳ್ಳಿಯ ಬಳಿ ಮೋರಿಯೊಂದರ ಅಂಚಿನಲ್ಲಿ ಒಂದು ಹೆಣ ಸಿಕ್ಕಿತು. ಸತ್ತವನು ಚಿತ್ರದುರ್ಗದವನು, ಔಷಧದ ಅಂಗಡಿಯೊಂದರ ನೌಕರ. ಮನೆಯಲ್ಲಿ ವಯಸ್ಸಾದ ತಂದೆತಾಯಿಯರು, ಗರ್ಭಿಣಿಯಾದ ಹೆಂಡತಿ. ನಟಿಯೊಬ್ಬರಿಗೆ ಅಶ್ಲೀಲ ಸಂದೇಶಗಳನ್ನು ಕಳುಹಿಸಿದನೆಂಬ ಕಾರಣಕ್ಕೆ ಅವನನ್ನು ಕರೆತರಿಸಿ ಹೊಡೆದು ಕೊಂದರೆಂಬುದು ಪೊಲೀಸರ ಆರೋಪ. ಜೂನ್ 11ರಂದು ಮೈಸೂರಿನಲ್ಲಿ ನಟರ ಬಂಧನವಾಯಿತು. ಒಟ್ಟು 17 ಮಂದಿ ಆರೋಪಿಗಳು. ಆರೋಪಪಟ್ಟಿ 3,991 ಪುಟ. ಆರೋಪ ನಿಜವೋ ಸುಳ್ಳೋ ಎಂಬುದನ್ನು ಸಾಕ್ಷ್ಯ ತೂಗಿ ನಿರ್ಣಯಿಸತಕ್ಕವರು ಬೇರೆ ಇದ್ದಾರೆ. ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವುದು ಬೇರೆಯ ಸಂಗತಿ: ದಸ್ತಗಿರಿಯಾದ ಗಳಿಗೆಯಿಂದ ಆ ಆರೋಪಿಗೆ ದೊರೆತ ಸವಲತ್ತುಗಳನ್ನು ಯಾರು ಯಾರು ಕೊಟ್ಟರು ಎಂಬುದು.

ಮೊದಲು ಪೊಲೀಸು ಠಾಣೆ. ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದ ಠಾಣೆಗೆ ಹೊರಗಿನ ಕಣ್ಣು ಬೀಳದಂತೆ ಶಾಮಿಯಾನ ಕಟ್ಟಲಾಯಿತು. ಮದುವೆಗೂ ತಿಥಿಗೂ ಶಾಮಿಯಾನ ಹಾಕುವುದನ್ನು ಜನ ಕಂಡಿದ್ದರು. ಠಾಣೆಗೆ ಹಾಕುವುದನ್ನು ಅಂದೇ ಕಂಡದ್ದು. ಕೋಳಿ ಕದ್ದವನನ್ನು ಹಿಡಿದು ತಂದಾಗ ಯಾರೂ ಪರದೆ ಎಳೆಯುವುದಿಲ್ಲ. ಆಮೇಲೆ ಪರಪ್ಪನ ಅಗ್ರಹಾರದ ಸೆರೆಮನೆ. ಮನೆಯ ಊಟ ಬೇಕೆಂದು ಆರೋಪಿಯ ಕಡೆಯವರು ಅರ್ಜಿ ಹಾಕಿದರು. ಕೊಲೆಯ ಆರೋಪ ಹೊತ್ತವರಿಗೆ ಅದು ಸಲ್ಲದೆಂದು ಜುಲೈಯಲ್ಲಿ ಮ್ಯಾಜಿಸ್ಟ್ರೇಟರ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಆಗಸ್ಟಿನಲ್ಲಿ ಒಂದು ಚಿತ್ರ ಹೊರಬಿತ್ತು: ಸೆರೆಮನೆಯ ಹುಲ್ಲುಹಾಸಿನ ಮೇಲೆ ಕುರ್ಚಿ, ಒಂದು ಕೈಯಲ್ಲಿ ಕಾಫಿಯ ಬಟ್ಟಲು, ಇನ್ನೊಂದರಲ್ಲಿ ಸಿಗರೇಟು, ಪಕ್ಕದಲ್ಲಿ ಹೆಸರಾಂತ ರೌಡಿ. ಜುಲೈಯಲ್ಲಿ ನ್ಯಾಯಾಧೀಶರು ಕೊಡಲೊಪ್ಪದೆ ಇದ್ದ ಸೌಕರ್ಯವನ್ನು ಆಗಸ್ಟಿನಲ್ಲಿ ಸೆರೆಮನೆಯವರೇ ಒದಗಿಸಿದ್ದರು. ಕೆಲವರು ಅಧಿಕಾರಿಗಳು ಅಮಾನತಾದರು. ಆರೋಪಿಯನ್ನು ಬಳ್ಳಾರಿಗೆ ಸಾಗಿಸಲಾಯಿತು.

ಇದೇನೂ ಆ ಸೆರೆಮನೆಗೆ ಹೊಸತಲ್ಲ. ತಮಿಳುನಾಡಿನ ವಿ. ಕೆ. ಶಶಿಕಲಾ ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾಗ, 2017ರ ಜುಲೈಯಲ್ಲಿ, ಕಾರಾಗೃಹ ಇಲಾಖೆಯ ಅಧಿಕಾರಿಣಿ ಡಿ. ರೂಪಾ ಅವರು ಆಕೆಗೆ ವಿಶೇಷ ಸವಲತ್ತುಗಳು ಸಲ್ಲುತ್ತಿವೆಯೆಂದು ಲಿಖಿತ ವರದಿ ಕೊಟ್ಟರು. ವರದಿ ಕೊಟ್ಟವರಿಗೆ ಕೂಡಲೇ ವರ್ಗವಾಯಿತು. ಕಳ್ಳನನ್ನು ಕಂಡು ಕೂಗಿದ ನಾಯಿಯನ್ನೇ ಹಿತ್ತಲಿಗೆ ಕಟ್ಟಿದಂತಾಯಿತು. ಹಾಗೆ ಕಟ್ಟಿದವರೂ ನ್ಯಾಯಾಧೀಶರಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಹಾಗಾದರೆ ನ್ಯಾಯಪೀಠ ನಿರ್ದೋಷಿಯೆ? ಹಾಗೆನ್ನಲು ಬರುವುದಿಲ್ಲ. 2024ರ ಅಕ್ಟೋಬರ್ 30ರಂದು ಉಚ್ಚ ನ್ಯಾಯಾಲಯ ಬೆನ್ನುಹುರಿಯ ಚಿಕಿತ್ಸೆಗೆಂದು ಆರು ವಾರಗಳ ಮಧ್ಯಂತರ ಜಾಮೀನು ಕೊಟ್ಟಿತು. ಡಿಸೆಂಬರ್ 13ರಂದು ಅದು ಪೂರ್ಣ ಜಾಮೀನಾಯಿತು. ಎಂಟು ತಿಂಗಳ ತರುವಾಯ, 2025ರ ಆಗಸ್ಟ್ 14ರಂದು, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಜೆ. ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರು ಆ ಆಜ್ಞೆಯನ್ನು ರದ್ದುಪಡಿಸಿದರು. ಜಾಮೀನಿನ ಹಂತದಲ್ಲಿಯೇ ಸಾಕ್ಷ್ಯವನ್ನು ವಿಚಾರಣೆ ಮುಗಿದವರಂತೆ ತೂಗಿ ನೋಡಿದ್ದು ತಪ್ಪೆಂದರು. ಅನಾರೋಗ್ಯದ ನೆಪ ಅಸ್ಪಷ್ಟವೂ ಉತ್ಪ್ರೇಕ್ಷಿತವೂ ಆದುದೆಂದರು. ಸೆರೆಮನೆಯಲ್ಲಿ ಇನ್ನು ಮುಂದೆ ಇಂತಹ ರಾಜೋಪಚಾರ ಕಂಡುಬಂದರೆ ಮೇಲ್ವಿಚಾರಕರನ್ನೇ ಅಮಾನತುಗೊಳಿಸಬೇಕಾದೀತೆಂದು ಎಚ್ಚರಿಸಿದರು. ನವೆಂಬರ್ 3ರಂದು ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ಆರೋಪಗಳನ್ನು ನಿಗದಿಪಡಿಸಿತು. ನ್ಯಾಯಸ್ಥಾನದ ತಪ್ಪನ್ನು ಮೇಲಣ ನ್ಯಾಯಸ್ಥಾನ ತಿದ್ದಿತು. ಅದಕ್ಕೆ ಲಿಖಿತ ಕಾರಣವುಂಟು, ತಾರೀಖುಂಟು, ಯಾರಾದರೂ ಓದಿ ಚರ್ಚಿಸಬಹುದು. ಶಾಮಿಯಾನಕ್ಕೂ ಕುರ್ಚಿಗೂ ಅಂತಹ ಆಜ್ಞಾಪತ್ರವಿಲ್ಲ. ಅವನ್ನು ಕೊಟ್ಟ ಕೈಗಳು ಸಣ್ಣ ಕೈಗಳು. ಅವಕ್ಕೆ ಧೈರ್ಯ ಬಂದದ್ದು ಹೊರಗೆ ನೆರೆದ ಗುಂಪಿನಿಂದ.

ಆ ಗುಂಪಿನ ವಿಷಯಕ್ಕೇ ಬರಬೇಕಾಗಿದೆ. ಆರೋಪಿಗೆ ಸೆರೆಮನೆಯಲ್ಲಿ ದೊರೆತ ಸಂಖ್ಯೆ 6106. ತಿಂಗಳು ಕಳೆಯುವುದರೊಳಗಾಗಿ ಅದು ಅಭಿಮಾನಿಗಳ ವಾಹನಗಳ ಮೇಲೆ ಏರಿತು, ತೋಳುಗಳ ಮೇಲೆ ಹಚ್ಚೆಯಾಯಿತು. ಒಂದು ಮನೆಯವರು ಹಸುಗೂಸಿಗೆ ಕೈದಿಯ ಉಡುಪು ತೊಡಿಸಿ ಆ ಸಂಖ್ಯೆ ಬರೆದು ಚಿತ್ರ ತೆಗೆಸಿದರು. ಸೆರೆಯ ಸಂಖ್ಯೆ ಲಜ್ಜೆಯ ಗುರುತಾಗಿರಬೇಕೆಂದು ಯಾರೂ ಹೇಳುವುದಿಲ್ಲ. ಆರೋಪ ಸಿದ್ಧವಾಗದಿರುವಾಗ ಲಜ್ಜೆಯ ಮಾತೂ ಸಲ್ಲದು. ಆದರೆ ಸತ್ತವನೊಬ್ಬನಿದ್ದಾನೆ, ಅವನ ಮನೆಯಲ್ಲಿ ಅದೇ ವರ್ಷ ತಂದೆಯ ಮುಖ ಕಾಣದ ಕೂಸೊಂದು ಹುಟ್ಟಿತು ಎಂಬುದು ತಿಳಿದೂ ಆ ಸಂಖ್ಯೆಯನ್ನು ಹಬ್ಬದ ರಂಗೋಲಿಯಂತೆ ಬಿಡಿಸುವುದು ಎಂತಹ ಮನಸ್ಸು! 2011ರಲ್ಲಿಯೂ ಹೀಗೆಯೇ ಆಯಿತು. ಹೆಂಡತಿಯ ಮೇಲೆ ಹಲ್ಲೆ ಮಾಡಿದರೆಂಬ ದೂರಿನ ಮೇಲೆ ಇದೇ ನಟರು ಆ ವರ್ಷದ ಸೆಪ್ಟೆಂಬರಿನಲ್ಲಿ ಸೆರೆಗೆ ಹೋದರು. ಅವರು ಒಳಗಿರುವಾಗಲೇ ‘ಸಾರಥಿ’ ಚಿತ್ರ ತೆರೆಕಂಡು ಭಾರಿ ಯಶಸ್ಸು ಪಡೆಯಿತು. ಚಿತ್ರ ನಿರ್ಮಾಪಕರ ಸಂಘ ಆಗ ಒಂದು ಶಿಕ್ಷೆ ವಿಧಿಸಿದ್ದುಂಟು: ದಸ್ತಗಿರಿಯಾದ ನಟರಿಗಲ್ಲ, ಸಹನಟಿಯೊಬ್ಬರಿಗೆ, ಮೂರು ವರ್ಷಗಳ ಬಹಿಷ್ಕಾರ! ಎಲ್ಲೆಡೆಯಿಂದ ಛೀಮಾರಿ ಬಿದ್ದ ಮೇಲೆ ಅದನ್ನು ಹಿಂದೆಗೆದುಕೊಂಡರು. ಯಾವ ನ್ಯಾಯಾಧೀಶನೂ ಬರೆಯಲು ಹೇಸುವ ತೀರ್ಪನ್ನು ಬರೆದವರು ವಿದ್ಯಾವಂತರೂ ಸಭ್ಯರೂ ಆದ ಗೃಹಸ್ಥರು.

ಈ ಪಕ್ಷವನ್ನು ಸಮರ್ಥಿಸತಕ್ಕವರ ವಾದ ಸರ್ವರಿಗೂ ಗೊತ್ತಿರುವಂಥದು. ಅವರು ಉದಾರಿಗಳು, ಬಡವರಿಗೆ ಕೈಯೆತ್ತಿ ಕೊಡತಕ್ಕವರು, ನಮ್ಮವರು ಎಂಬುದು. ಉದಾರತೆ ಇದ್ದೀತು. ಆದರೆ ದಾನವನ್ನು ದಂಡಕ್ಕೆ ವಜಾ ಹಾಕುವ ಲೆಕ್ಕ ಯಾವ ಧರ್ಮಶಾಸ್ತ್ರದ್ದು? ಕನ್ನಡನಾಡಿನ ಕಲ್ಯಾಣದಲ್ಲಿಯೇ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದನು. ಅವನು ಯಾವ ಸ್ಮೃತಿಗೆ ವ್ಯಾಖ್ಯಾನ ಬರೆದನೋ ಆ ಯಾಜ್ಞವಲ್ಕ್ಯ ಸ್ಮೃತಿ ಒಡಹುಟ್ಟಿದವನನ್ನಾಗಲಿ, ಮಗನನ್ನಾಗಲಿ, ಪೂಜ್ಯನನ್ನಾಗಲಿ, ಸ್ವಧರ್ಮದಿಂದ ಜಾರಿದರೆ ದಂಡದಿಂದ ಬಿಡಕೂಡದೆಂದು ರಾಜನಿಗೆ ವಿಧಿಸುತ್ತದೆ. ಅದೇ ಸ್ಮೃತಿಗಳು ವರ್ಣ ನೋಡಿ ದಂಡವನ್ನು ಏರಿಸಿ ಇಳಿಸಿದುವೆಂಬುದನ್ನೂ ಮರೆಮಾಚಬೇಕಾಗಿಲ್ಲ. ತಕ್ಕಡಿಯನ್ನು ಒಂದು ಕಡೆಗೆ ತೂಗಿಸುವ ಚಟ ಹಳೆಯದೇ. ಆಂಗ್ಲರ ಕಾಲದಲ್ಲಂತೂ ಕೈದಿಗಳನ್ನು ಅವರ ಅಂತಸ್ತು ನೋಡಿ ಎ, ಬಿ, ಸಿ ಎಂದು ತರಗತಿ ಮಾಡಿದ್ದರು. ರಾಜಕೀಯ ಕೈದಿಗಳೆಲ್ಲರಿಗೂ ಮಾನವೋಚಿತವಾದ ನಡವಳಿಕೆ ಬೇಕೆಂದು ಲಾಹೋರಿನ ಸೆರೆಮನೆಯಲ್ಲಿ 63 ದಿವಸ ಉಪವಾಸವಿದ್ದು ಜತೀಂದ್ರನಾಥ ದಾಸರು 1929ರ ಸೆಪ್ಟೆಂಬರ್ 13ರಂದು ಪ್ರಾಣ ಬಿಟ್ಟರು. ಮದ್ದೂರಿನ ಮಗ್ಗುಲ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಧ್ವಜವೇರಿಸಿ ದಸ್ತಗಿರಿಯಾದವರನ್ನು ಈ ಜಿಲ್ಲೆ ಇಂದಿಗೂ ಕೊಂಡಾಡುತ್ತದೆ. ಸೆರೆಗೆ ಹೋದವರ ಹೆಸರನ್ನು ಹೆಮ್ಮೆಯಿಂದ ಹೇಳಬಹುದಾದ ಊರಿಗೆ 6106ರ ಹಚ್ಚೆ ಏತಕ್ಕೆ ಬೇಕಾಯಿತು?

ಜಾಮೀನು ಕೊಡುವುದೇ ತಪ್ಪೆಂಬುದು ಈ ವಾದದ ತಾತ್ಪರ್ಯವಲ್ಲ. ಅಪರಾಧ ಸಿದ್ಧವಾಗದವನನ್ನು ಹೊರಗೆ ಬಿಡುವುದೇ ನಿಯಮ, ಒಳಗಿಡುವುದು ಅಪವಾದ. ಸಿರಿವಂತನಿಗೆ ಜಾಮೀನು ದೊರೆಯಿತೆಂದು ಕುದಿಯುವುದಕ್ಕಿಂತ ಬಡವನಿಗೆ ದೊರೆಯುತ್ತಿಲ್ಲವೆಂದು ಕುದಿಯುವುದು ಮೇಲು. ಮುಂಬಯಿಯ ನಟ ಸಲ್ಮಾನ್ ಖಾನ್ ಅವರಿಗೆ 2002ರ ಅಪಘಾತದ ಮೊಕದ್ದಮೆಯಲ್ಲಿ 2015ರ ಮೇ 6ರಂದು ಐದು ವರ್ಷಗಳ ಶಿಕ್ಷೆಯಾಯಿತು. ಸಂಜೆಯಾಗುವುದರೊಳಗೆ ಉಚ್ಚ ನ್ಯಾಯಾಲಯದಿಂದ ಮಧ್ಯಂತರ ಜಾಮೀನು ಬಂತು. ಡಿಸೆಂಬರಿನಲ್ಲಿ ಬಿಡುಗಡೆಯೂ ಆಯಿತು. ಇದರಲ್ಲಿ ಕಾನೂನಿಗೆ ವಿರುದ್ಧವಾದುದು ಏನೂ ಇಲ್ಲ. ಕರೆದ ಗಳಿಗೆಗೆ ನಿಲ್ಲಬಲ್ಲ ವಕೀಲರಿದ್ದರು, ಅಷ್ಟೆ. ಇದರ ಪಕ್ಕದಲ್ಲಿ ಮಧ್ಯಪ್ರದೇಶದ ಗಾರೆಕೆಲಸದ ಮೋತಿರಾಮನನ್ನು ಇಟ್ಟು ನೋಡಬೇಕು. ಸರ್ವೋಚ್ಚ ನ್ಯಾಯಾಲಯವೇ ಅವನಿಗೆ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಹೊಣೆ ಕೇಳಿದರು. ಅಣ್ಣತಮ್ಮನ ಹೊಣೆಯನ್ನು, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಲಿಲ್ಲ. 1978ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅವನ ಸ್ವಂತ ಮುಚ್ಚಳಿಕೆಯ ಮೇಲೆ, 1,000 ರೂಪಾಯಿಗೆ, ಬಿಡಬೇಕೆಂದು ಆಜ್ಞೆ ಮಾಡಿದರು.

ಮೋತಿರಾಮನ ಕಥೆ ಅಲ್ಲಿಗೇ ಮುಗಿದುಹೋದ ಕಥೆಯಲ್ಲ. ಕಬ್ಬು ಕಡಿಯುವುದಕ್ಕೆ ಬಳ್ಳಾರಿಯ ಕಡೆಯಿಂದ ಮದ್ದೂರಿನ ಗದ್ದೆಗಳಿಗೆ ಗುಂಪುಗುಂಪಾಗಿ ಕೂಲಿಗಳು ಬರುತ್ತಾರೆ. ಆಲೆಮನೆಗಳಲ್ಲಿ ಉತ್ತರ ಪ್ರದೇಶದವರೂ ದುಡಿಯುತ್ತಾರೆ. ಅವರಲ್ಲೊಬ್ಬನ ಮೇಲೆ ಹೊಡೆದಾಟದ ಮೊಕದ್ದಮೆ ಬಿತ್ತೆಂದು ಭಾವಿಸಬಹುದು. ನ್ಯಾಯಾಲಯ ಜಾಮೀನು ಕೊಟ್ಟರೂ ಹೊಣೆ ನಿಲ್ಲತಕ್ಕವನು ತನ್ನ ಹೆಸರಿನ ಪಹಣಿ ತಂದು ತೋರಿಸಬೇಕು. ಈ ಊರಿನಲ್ಲಿ ಅವನ ಹೆಸರೇ ಯಾರಿಗೂ ಗೊತ್ತಿಲ್ಲ. ಮೇಸ್ತ್ರಿ ಬೇರೆ ಆಳು ನೋಡಿಕೊಳ್ಳುತ್ತಾನೆ. ಭೂಮಿಯಿಲ್ಲದ ಮಳವಳ್ಳಿಯ ಕೂಲಿಕಾರನ ಪಾಡೂ ಇದಕ್ಕಿಂತ ಬಹಳ ಮೇಲಲ್ಲ. 2022ರ ಕಡೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ನಾಲ್ವರಲ್ಲಿ ಮೂವರು! ಇವರೊಳಗೆ ತಾರೆಯರು ಎಷ್ಟು ಮಂದಿ ಇದ್ದಾರು?

ವೃತ್ತಪತ್ರಿಕೆಗಳೂ ದೂರದರ್ಶನವೂ ತಾರೆಯನ್ನೇ ಹಗಲಿರುಳು ವಿಚಾರಣೆಗೆ ನಿಲ್ಲಿಸುತ್ತವೆ, ಆದ್ದರಿಂದ ಅವನಿಗಾಗತಕ್ಕ ಕಷ್ಟ ಸಾಮಾನ್ಯನಿಗಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಅರ್ಧ ಸರಿ. ಸಾಕ್ಷಿಗಳನ್ನು ನ್ಯಾಯಾಲಯ ಕೇಳುವ ಮೊದಲೇ ತೀರ್ಪು ಕೊಡುವ ಮಾಧ್ಯಮದವರು ಆರೋಪಿಗೂ ಫಿರ್ಯಾದಿಗೂ ಸಮವಾಗಿ ಕೆಡುಕು ಮಾಡುತ್ತಾರೆ. ಆದರೆ ಅದೇ ಬೆಳಕಿನ ದೆಸೆಯಿಂದಲೇ ಕುರ್ಚಿಯ ಚಿತ್ರ ಹೊರಬಂದದ್ದು, ಬಳ್ಳಾರಿಗೆ ವರ್ಗವಾದದ್ದು. ಕೂಲಿಯವನ ಸೆರೆಯಲ್ಲಿ ಆ ಬೆಳಕೂ ಇಲ್ಲ.

ಉಪಾಯಗಳು ಇಲ್ಲದೆ ಇಲ್ಲ. ಜಾಮೀನು ಕೊಡತಕ್ಕ ಅಪರಾಧಗಳಲ್ಲಿ ಒಂದು ವಾರದೊಳಗೆ ಹೊಣೆ ಒದಗಿಸಲಾರದವನನ್ನು ಬಡವನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 2005ರಲ್ಲಿಯೇ ಕಾನೂನು ತಿದ್ದುಪಡಿಯಾಗಿದೆ. ಜಾಮೀನು ದೊರೆತೂ ಏಳು ದಿವಸದಲ್ಲಿ ಹೊರಬಾರದವನ ಸಂಗತಿಯನ್ನು ಸೆರೆಮನೆಯ ಮೇಲ್ವಿಚಾರಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿ 31ರಂದು ವಿಧಿಸಿತು. ತಾಲ್ಲೂಕುಗಳಲ್ಲಿ ಕಾನೂನು ಸೇವಾ ಸಮಿತಿಗಳೂ ಇವೆ. ಬಡವನಿಗೆ ವಕೀಲರನ್ನು ಅವು ಒದಗಿಸುತ್ತವೆ. ಅವು ಒದಗಿಸಲಾರದ್ದು ಒಂದೇ: ಪರಿಚಯವಿಲ್ಲದ ಬಡವನ ಪರವಾಗಿ ಪಹಣಿ ಹಿಡಿದು ಕಟಕಟೆಯ ಬಳಿ ನಿಲ್ಲತಕ್ಕ ಗೃಹಸ್ಥನನ್ನು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಈ ಸೀಮೆಯಲ್ಲಿ ಪಹಣಿಯುಳ್ಳ ಮನೆಗಳಿಗೆ ಕೊರತೆಯಿಲ್ಲ. ನಟರೊಬ್ಬರ ಬಿಡುಗಡೆಗಾಗಿ ಗುಡಿಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿದ ಮನೆಗಳೂ ಅವುಗಳಲ್ಲಿ ಉಂಟು. ಅವುಗಳಲ್ಲಿ ಎಷ್ಟು ಮನೆಯ ಪಹಣಿ ಕಬ್ಬು ಕಡಿಯುವವನ ಹೊಣೆಗಾಗಿ ಮದ್ದೂರಿನ ನ್ಯಾಯಾಲಯದ ಮೆಟ್ಟಿಲು ಹತ್ತಿದೆಯೆಂಬುದನ್ನು ಆಯಾ ಮನೆಯ ಯಜಮಾನರೇ ಲೆಕ್ಕ ಹಾಕಬೇಕು.