ಇಎಂಐ ಬೇಡ, ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ



ಈ ಸಲ ಸ್ವಲ್ಪ ಜಗಳದ ಮಾತು ಬರೆಯುತ್ತಿದ್ದೇನೆ. ಕೋಪ ಬಂದರೆ ತಪ್ಪಿಲ್ಲ, ಆದರೆ ಪೂರ್ತಿ ಓದಿದ ಮೇಲೆ ಬರಲಿ.

ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಭಾನುವಾರ ಪೂಜೆ ಮುಗಿಸಿ ಬೇವಿನ ಮರದ ಕೆಳಗೆ ನಿಂತಿದ್ದೆ. ನಮ್ಮ ಯುವಕೂಟದ ಒಬ್ಬ ತಮ್ಮ ಬಂದ. ಊರು ಕೋಸಗಿ ಕಡೆ, ಈಗ ಆದೋನಿಯಲ್ಲಿ ಜಿನ್ನಿಂಗ್ ಮಿಲ್ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಕೈಯಲ್ಲಿ ಮಡಚಿದ ಒಂದು ಚೀಟಿ.

"ಅಣ್ಣಾ, ಹೊಸ ಗೇಮಿಂಗ್ ಪಿಸಿ ಕೊಟೇಶನ್. ನಾಳೆ ಅಪ್ಪ ಸೈನ್ ಹಾಕ್ತಾನೆ. ಒಂದ್ಸಲ ನೋಡಣ್ಣಾ."

ನೋಡಿದೆ. ಬೆಲೆ 68,000 ರೂಪಾಯಿ. ಕಂತಿನಲ್ಲಾದರೆ ತಿಂಗಳಿಗೆ 3,400, ಒಟ್ಟು 24 ತಿಂಗಳು. ಅಂದರೆ 81,600 ರೂಪಾಯಿ. ಬರೀ ಕಂತಿನ ಹೆಸರಲ್ಲಿ 13,600 ಹೆಚ್ಚಿಗೆ. ಮನೆಯಲ್ಲಿ ಆಗಲೇ ಒಂದು ಕಂಪ್ಯೂಟರ್ ಇತ್ತು. ಅಂಗಡಿಯವರು ಅದರ ಮುಚ್ಚಳವನ್ನೂ ಬಿಚ್ಚದೆ, "ಇದು ಸ್ಕ್ರ್ಯಾಪ್, ಬೇಕಾದ್ರೆ 1,500ಕ್ಕೆ ತಗೋತೀವಿ" ಅಂದಿದ್ದರಂತೆ.

ಅವನ ಅಪ್ಪ-ಅಮ್ಮ ಗುಂಟೂರು ಕಡೆಯ ಮೆಣಸಿನಕಾಯಿ ಹೊಲಗಳಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ನಮ್ಮ ಕೋಸಗಿ, ಮಂತ್ರಾಲಯ, ಆದೋನಿ ಹಳ್ಳಿಗಳಿಂದ ಪ್ರತಿ ವರ್ಷ ಎಷ್ಟು ಜನ ಮನೆಗೆ ಬೀಗ ಹಾಕಿ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆಂದು ನಿಮಗೆ ಹೇಳಬೇಕಿಲ್ಲ. ಆ ದುಡ್ಡೇ ಮೊದಲ ಕಂತಾಗಬೇಕಿತ್ತು.

ಒಂದು ಲೆಕ್ಕ ಹಾಕೋಣ. 2025-26ರಲ್ಲಿ ಆಂಧ್ರದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 307 ರೂಪಾಯಿ. 81,600 ಅಂದರೆ 266 ದಿನದ ಕೂಲಿ. ಆಗಿನ ನಿಯಮದಂತೆ ವರ್ಷಕ್ಕೆ 100 ದಿನದ ಕೆಲಸ ಪೂರ್ತಿ ಸಿಕ್ಕರೂ ಎರಡೂವರೆ ವರ್ಷಕ್ಕಿಂತ ಹೆಚ್ಚು. ಒಂದು ಆಟದ ಡಬ್ಬಕ್ಕೆ! ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚು ಎಣಿಸಬೇಕೆಂದು ಯೇಸುಸ್ವಾಮಿ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೇವೆ! ಕಂಪ್ಯೂಟರ್ ಡಬ್ಬಕ್ಕೂ ಟವರ್ ಅಂತಲೇ ಹೆಸರು. ಎಣಿಸುವವರು ಮಾತ್ರ ಕಾಣುವುದಿಲ್ಲ.

"ಸೈನ್ ಬೇಡ. ಹಳೇ ಡಬ್ಬ ಹೊತ್ಕೊಂಡು ಬಾ" ಅಂದೆ.

ಮುಚ್ಚಳ ಬಿಚ್ಚಿದಾಗ

ಒಳಗೆ ಕಂಡದ್ದು ಹತ್ತಿ. ನಗಬೇಡಿ, ನಿಜವಾಗಿಯೂ ಹತ್ತಿ. ಮಿಲ್ಲಿನ ಗಾಳಿಯಲ್ಲಿ ಹಾರಿ ಬಂದ ನೂಲಿನಂಥ ಧೂಳು ಪ್ರೊಸೆಸರ್ ಮೇಲಿನ ಫ್ಯಾನಿಗೂ ಅದರ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳಿಗೂ ನಡುವೆ ಕಂಬಳಿಯ ಹಾಗೆ ಕೂತಿತ್ತು. ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಆ ಮಾದರಿಯ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಹೊರಗೆ ಆದೋನಿಯ ಮೇ ತಿಂಗಳ ಬಿಸಿಲು, ಒಳಗೆ ಕಂಬಳಿ. ಪಾಪ, ಅದು ಓಡುವುದಾದರೂ ಹೇಗೆ?

ಪ್ಲಗ್ ತೆಗೆದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಬಣ್ಣ ಬಳಿಯುವ ಕುಂಚದಿಂದ ಧೂಳು ತೆಗೆದೆವು. ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಖರ್ಚು 150 ರೂಪಾಯಿ. ಅಂಗಡಿಯವರು ಸ್ಕ್ರ್ಯಾಪ್ ಅಂದ ಡಬ್ಬದಲ್ಲಿ ಇದ್ದದ್ದು ಇಂಟೆಲ್ ಐ5-4570. 2013ರಲ್ಲಿ ಬಂದ ನಾಲ್ಕು ಕೋರ್‌ಗಳ ಪ್ರೊಸೆಸರ್. ಮುದುಕ ಹೌದು, ಆದರೆ ಗಟ್ಟಿ ಮುದುಕ. ಜೊತೆಗೆ 4 ಜಿಬಿಯ ಒಂದೇ ರ‍್ಯಾಮ್, ಹಳೆ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇರಲೇ ಇಲ್ಲ.

ಈಗ ಕೇಳಿ, ನನ್ನ ಮೊದಲ ತಕರಾರು. "ಕಂಪ್ಯೂಟರ್ ಸ್ಲೋ ಆಗಿದೆ" ಅಂತ ಒಂದೇ ಮಾತಿನಲ್ಲಿ ಹೇಳಿ ಇಡೀ ಯಂತ್ರವನ್ನು ಬಿಸಾಡುತ್ತೇವೆ. ಎತ್ತಿನ ಗಾಡಿಯ ಒಂದು ಚಕ್ರದ ಕೀಲು ಸವೆದರೆ ಎತ್ತನ್ನೂ ಮಾರುತ್ತೀರಾ? ಏನು ಸವೆದಿದೆ ಎಂದು ನೋಡುವುದಕ್ಕೆ ಬಿಎಸ್ಸಿ ಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಡಿಸ್ಕ್ 100ರಲ್ಲಿ ನಿಂತಿದೆಯೋ, ಮೆಮೊರಿ ತುಂಬಿದೆಯೋ, ಸಿಪಿಯು ಒದ್ದಾಡುತ್ತಿದೆಯೋ, ಅದೇ ಹೇಳುತ್ತದೆ. ದುಡ್ಡು ಹಾಕಬೇಕಾದದ್ದು ಅಲ್ಲಿಗೆ.

ಯಾವುದು ಮೊದಲು, ಯಾವುದು ಆಮೇಲೆ

ಧೂಳು ತೆಗೆದ ಮೇಲೆ ಮೊದಲು ಎಸ್‌ಎಸ್‌ಡಿ. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗಿ, ಸೂಜಿಯಂಥ ಕೈ ಹುಡುಕಿ, ಒಂದು ಕಡತ ಮುಟ್ಟಲು 10 ಮಿಲಿಸೆಕೆಂಡ್ ಆಸುಪಾಸು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಅದರ ನೂರನೇ ಒಂದು ಭಾಗದ ಸಮಯ ಸಾಕು. ವಿಂಡೋಸ್ ಶುರುವಾಗಲು ಇಂಥ ಸಾವಿರಾರು ಹುಡುಕಾಟ ಬೇಕು, ಅದಕ್ಕೇ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. 256 ಜಿಬಿಯದಕ್ಕೆ ನಾವು ಕೊಟ್ಟದ್ದು 1,700.

ಎರಡನೆಯದು ರ‍್ಯಾಮ್. 4 ಜಿಬಿಯ ಒಂದನ್ನು ತೆಗೆದು, ಬಳಸಿದ 8 ಜಿಬಿಯ ಎರಡು ಡಿಡಿಆರ್3 ಹಾಕಿದೆವು, 1,500. ಎರಡು ಯಾಕೆಂದರೆ ಜೋಡಿ ಇದ್ದಾಗ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. ಒಂದೇ ದೊಡ್ಡದು ಹಾಕಿದರೆ ಒಂದೇ ದಾರಿ.

ಮೂರನೆಯದು ಪವರ್ ಸಪ್ಲೈ. ಇಲ್ಲಿ ನನ್ನ ಪಾಪವನ್ನು ಒಪ್ಪಿಕೊಳ್ಳಬೇಕು. ಡಿಗ್ರಿ ಓದುವಾಗ ಕೂಡಿಟ್ಟ ದುಡ್ಡಲ್ಲಿ ಹಳೆ ಕಾರ್ಡ್ ಒಂದು ತಂದು, ಡಬ್ಬದ ಜೊತೆ ಪುಕ್ಕಟೆ ಬಂದಿದ್ದ "500 ವ್ಯಾಟ್" ಸಪ್ಲೈಗೇ ಸಿಕ್ಕಿಸಿದ್ದೆ. ಸ್ಟಿಕ್ಕರ್ ಮೇಲೆ 500 ಇತ್ತು, ಒಳಗೆ ಎಷ್ಟಿತ್ತೋ ದೇವರೇ ಬಲ್ಲ. ಹನ್ನೊಂದನೇ ದಿನ ಕರೆಂಟ್ ಹೋಗಿ ಬಂದಾಗ ಪಟ್ ಎಂದಿತು. ಸಪ್ಲೈ ಹೋಯಿತು, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಮನೆಯಲ್ಲಿ ಒಂದು ವಾರ ನಾನು ಯಾರ ಮುಖವನ್ನೂ ನೋಡಲಿಲ್ಲ. ಮಾರಿದವರನ್ನು ಬೈದು ಏನು ಬಂತು, ತೂಕ ನೋಡದೆ ಕೊಂಡವನು ನಾನೇ. ನಮ್ಮ ಊರಿನ ಕರೆಂಟಿನ ಏರಿಳಿತಕ್ಕೆ 80 ಪ್ಲಸ್ ಗುರುತಿರುವ, ಹೆಸರಿರುವ ಕಂಪನಿಯ ಹೊಸ ಸಪ್ಲೈ ಬೇಕೇ ಬೇಕು. 2,500 ಆಯಿತು. ಎಲ್ಲವನ್ನೂ ಹಳೆಯದು ಕೊಳ್ಳಿ, ಇದನ್ನು ಮಾತ್ರ ಹೊಸದು ಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್ ನಾಲ್ಕನೆಯದು. ಹುಡುಗರೆಲ್ಲ ಮೊದಲು ಓಡುವುದು ಇದಕ್ಕೇ! ತಮ್ಮನಿಗೆ ಬಳಸಿದ ಜಿಟಿಎಕ್ಸ್ 1650 ಸಿಕ್ಕಿತು, 6,200ಕ್ಕೆ. 2019ರ ಕಾರ್ಡ್, 4 ಜಿಬಿ, 75 ವ್ಯಾಟ್. ಮದರ್‌ಬೋರ್ಡಿನ ಸ್ಲಾಟ್ ಕೊಡುವುದೂ ಅಷ್ಟೇ, ಆದ್ದರಿಂದ ಅದರ ಬಹಳಷ್ಟು ಮಾದರಿಗಳಿಗೆ ಬೇರೆ ಪವರ್ ವೈರ್ ಬೇಡ. ಜಿಟಿಎಕ್ಸ್ 1060 ಇದಕ್ಕಿಂತ ವೇಗ ಅಂತ ವಾದ ಮಾಡುವವರಿದ್ದಾರೆ. ಹೌದು, ವೇಗವೇ. ಆದರೆ ಅದು 120 ವ್ಯಾಟ್ ಕುಡಿಯುತ್ತದೆ. ಮೇಲಾಗಿ 2025ರ ಅಕ್ಟೋಬರ್ ನಂತರ ಆ ಪೀಳಿಗೆಯ ಕಾರ್ಡುಗಳಿಗೆ ಎನ್‌ವಿಡಿಯಾ ಹೊಸ ಆಟಗಳ ಡ್ರೈವರ್ ನಿಲ್ಲಿಸಿದೆ, ಈಗ ಭದ್ರತೆಯ ಅಪ್‌ಡೇಟ್ ಮಾತ್ರ.

ಹಳೆ ಕಾರ್ಡ್ ಕೊಳ್ಳುವಾಗ ಕಣ್ಣು ತೆರೆದಿರಲಿ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯಕ್ಕೆ ಗಣಿಗಾರಿಕೆ ನಿಂತಿತು. ಹಗಲು ರಾತ್ರಿ ದುಡಿದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು. ಆರ್‌ಎಕ್ಸ್ 580 ಹೆಸರಲ್ಲಿ "2048ಎಸ್‌ಪಿ" ಎಂಬ ಬಾಲ ಕಂಡರೆ ಅದು ಪೂರ್ತಿ 580 ಅಲ್ಲ, ಅದಕ್ಕೆ ಇರಬೇಕಾದದ್ದು 2304. ಹಳೆ ಕಾರ್ಡಿಗೆ ಹೊಸ ಹೆಸರು ಬರೆದು ಮಾರುವವರೂ ಇದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಬಳ್ಳಾರಿಗೆ ಹೋಗಿ, ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಿ, ಕಣ್ಣೆದುರು ಅರ್ಧ ಗಂಟೆ ಓಡಿಸಿ ತೋರಿಸದ ಕಾರ್ಡಿಗೆ ದುಡ್ಡು ಕೊಡಬೇಡಿ.

ಒಟ್ಟು 12,050 ರೂಪಾಯಿ. ಹೆಚ್ಚುಕಡಿಮೆ 40 ದಿನದ ಕೂಲಿ. 266 ಎಲ್ಲಿ, 40 ಎಲ್ಲಿ!

ಮೂರು ಜನರ ಜೊತೆ ಜಗಳ

ಮೊದಲ ಜಗಳ ಮಾರುವವರ ಜೊತೆ. "ಕನಿಷ್ಠ 70,000 ಇಲ್ಲದೆ ಗೇಮಿಂಗ್ ಇಲ್ಲ" ಅಂತ ಯೂಟ್ಯೂಬಿನಲ್ಲಿ ಹೇಳುವವರಿಗೆ ಆ ಡಬ್ಬಗಳು ಎಷ್ಟೋ ಸಲ ಪುಕ್ಕಟೆ ಬಂದಿರುತ್ತವೆ. ಮೈಕ್ರೋಸಾಫ್ಟ್ ಕೂಡ ಕಡಿಮೆ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ 8ನೇ ಪೀಳಿಗೆ ಬೇಕು ಎನ್ನುತ್ತದೆ. ಚೆನ್ನಾಗಿ ಓಡುವ ಯಂತ್ರವನ್ನು ಒಂದು ನಿಯಮ ಗುಜರಿಗೆ ಕಳಿಸುತ್ತದೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು ಎಸೆದ ಇ-ಕಸ 6.2 ಕೋಟಿ ಟನ್, ಸರಿಯಾಗಿ ಸಂಗ್ರಹವಾದದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ. ಹೆದರಬೇಡಿ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಪಡೆಯಲು ಹೆಸರು ನೋಂದಾಯಿಸಬಹುದು, ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಆಮೇಲೆ ಲಿನಕ್ಸ್ ಮಿಂಟ್ ಇದೆ. ಕೌಂಟರ್-ಸ್ಟ್ರೈಕ್ 2 ಅದರಲ್ಲೂ ಓಡುತ್ತದೆ. ವ್ಯಾಲರಂಟ್ ಓಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎರಡನೇ ಜಗಳ ಹಿರಿಯರ ಜೊತೆ, ಗೌರವದಿಂದಲೇ. "ಗೇಮ್ ಆಡಿ ಮನೆ ಹಾಳು ಮಾಡ್ತಾರೆ" ಎನ್ನುತ್ತೀರಿ. ನಿಜವಾಗಿ ಮನೆ ಹಾಳು ಮಾಡಿದ್ದು ಮೊಬೈಲಿನ ರಮ್ಮಿ, ಬೆಟ್ಟಿಂಗ್. ದುಡ್ಡು ಕಟ್ಟಿ ಆಡುವ ಆ ಆಟಗಳನ್ನು ಆಂಧ್ರ ಸರ್ಕಾರ 2020ರಲ್ಲೇ ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೂ ಕಾನೂನು ಮಾಡಿತು. ಅದೇ ಕಾನೂನು ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಗುರುತಿಸಿದೆ. ಎರಡನ್ನೂ ಒಂದೇ ಗೋಣಿಗೆ ತುಂಬಬೇಡಿ. ರಾತ್ರಿ ಎರಡು ಗಂಟೆವರೆಗೆ ಆಡಿದರೆ ಬೈಯಿರಿ, ನಾನೂ ನಿಮ್ಮ ಜೊತೆ ಬೈಯುತ್ತೇನೆ. ಆದರೆ ಮಗ ಸ್ಕ್ರೂಡ್ರೈವರ್ ಹಿಡಿದು ಕೂತಾಗ ಬೈಯಬೇಡಿ. ಅವನು ಆಗ ಕೈಕೆಲಸ ಕಲಿಯುತ್ತಿರುತ್ತಾನೆ. ಇನ್ನೊಂದು ಮಾತು: ಮಗ ಹಟ ಹಿಡಿದನೆಂದು ಮರುಮಾತಿಲ್ಲದೆ ಕಂತಿಗೆ ಸೈನ್ ಹಾಕುವವರೂ ನೀವೇ. ಹಟಕ್ಕೆ ಸೈನ್ ಹಾಕುವುದು ಪ್ರೀತಿಯಲ್ಲ.

ಮೂರನೇ ಜಗಳ ನಮ್ಮ ಜೊತೆಗೇ, ಗೆಳೆಯರೇ. ಗಾಜಿನ ಡಬ್ಬ, ಏಳು ಬಣ್ಣದ ದೀಪ, ಸ್ಟೇಟಸ್‌ನಲ್ಲಿ ಫೋಟೋ. ದೀಪ ಒಂದು ಫ್ರೇಮ್ ಕೂಡ ಹೆಚ್ಚಿಸುವುದಿಲ್ಲ. ನಮಗೆ ಬೇಕಾದದ್ದು ಆಟವೋ, ಗೆಳೆಯನ ಹೊಟ್ಟೆ ಉರಿಸುವುದೋ? ಅಪ್ಪ-ಅಮ್ಮನ ಬೆರಳು ಮೆಣಸಿನಕಾಯಿಯ ಖಾರಕ್ಕೆ ಉರಿಯುವಾಗ ನಮ್ಮ ಡಬ್ಬದಲ್ಲಿ ದೀಪ ಉರಿಯಬೇಕೆ?

ಒಪ್ಪಬೇಕಾದದ್ದು

ಎಲ್ಲ ಹಳೆಯದನ್ನೂ ಉಳಿಸಲಾಗದು. ಮದರ್‌ಬೋರ್ಡ್ ಸತ್ತಿದ್ದರೆ, ರ‍್ಯಾಮ್ ಡಿಡಿಆರ್2 ಕಾಲದ್ದಾಗಿದ್ದರೆ ಕೈ ಬಿಡಿ. ಕಚೇರಿಗಳಿಂದ ಬರುವ ಸಣ್ಣ ಡಬ್ಬಗಳಿಗೆ ಎತ್ತರದ ಕಾರ್ಡ್ ಹಿಡಿಸುವುದಿಲ್ಲ, ಕೆಲವಕ್ಕೆ ಸಾಮಾನ್ಯ ಪವರ್ ಸಪ್ಲೈಯ ಪಿನ್ ಕೂಡುವುದಿಲ್ಲ. ಅಳತೆ ನೋಡಿಯೇ ಕೊಳ್ಳಿ. ನಿನ್ನೆ ಮೊನ್ನೆ ಬಂದ ಭಾರೀ ಆಟಗಳು ಈ ಯಂತ್ರದಲ್ಲಿ ಓಡುವುದಿಲ್ಲ. ಜಿಟಿಎ 5 ಚೆನ್ನಾಗಿ ಓಡುತ್ತದೆ, ಕೌಂಟರ್-ಸ್ಟ್ರೈಕ್ 2 ಸೆಟ್ಟಿಂಗ್ ಇಳಿಸಿದರೆ ಆಡಬಹುದು, ಆಗಾಗ ತಡವರಿಸುತ್ತದೆ. ಹೊಸದು ಕೊಳ್ಳಲೇಬೇಕಾದವರು ಕೂಡಿಟ್ಟು ಕೊಳ್ಳಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ‍್ಯಾಮ್ ಬೆಲೆ ಏರಿ ಕೂತಿದೆ. ಅವಸರದವರಿಗೆ ಇದು ಕೆಟ್ಟ ಕಾಲ.

ಆ ತಮ್ಮನ ಕಂಪ್ಯೂಟರ್ ಈಗಲೂ ಓಡುತ್ತಿದೆ. ಸಂಜೆ ಏಳರಿಂದ ಒಂಬತ್ತು ಅವನ ಅಕ್ಕನ ಓದಿಗೆ, ಆಮೇಲೆ ಒಂದು ಗಂಟೆ ಅವನ ಆಟಕ್ಕೆ ಎಂದು ಮನೆಯಲ್ಲೇ ತೀರ್ಮಾನವಾಗಿದೆ. ಗುಂಟೂರಿನಿಂದ ತಂದ ದುಡ್ಡಿನಲ್ಲಿ ಉಳಿದದ್ದು ಅವನ ಡಿಗ್ರಿ ಫೀಸಿಗೆ ಹೋಯಿತು. ಆದರೆ ಈ ವರ್ಷವೂ ಅಪ್ಪ-ಅಮ್ಮ ಮೆಣಸಿನಕಾಯಿಗೆ ಹೋಗಿದ್ದಾರೆ. ಒಂದು ಪವರ್ ಸಪ್ಲೈ ಬದಲಿಸಿದರೆ ಅದು ಬದಲಾಗುವುದಿಲ್ಲ, ಗೊತ್ತು. ತಿಂಗಳಿಗೆ 3,400ರ ಹೊರೆ ಹೊತ್ತು ಹೋಗಲಿಲ್ಲ, ಅಷ್ಟೇ.

ಮನೆಯಲ್ಲಿ ಹಳೆ ಡಬ್ಬ ಇದ್ದವರು ಶನಿವಾರ ಸಂಜೆ ಚರ್ಚ್ ಹಾಲಿಗೆ ಹೊತ್ತು ತನ್ನಿ. ಕುಂಚ, ಪೇಸ್ಟ್, ಸ್ಕ್ರೂಡ್ರೈವರ್ ನಾನು ತರುತ್ತೇನೆ. ಕೈಯಲ್ಲಿ ಕೊಟೇಶನ್ ಚೀಟಿ ಇದ್ದವರು ಸೈನ್ ಹಾಕುವುದಕ್ಕಿಂತ ಮೊದಲು ಬನ್ನಿ.